ಬೆಳ್ಳಾರೆಯಿಂದ ಬಿಲಾತಿಯ ಅರಮನೆಯವರೆಗೆ



ಕಳೆದ ತಿಂಗಳು ಸುಳ್ಯದಲ್ಲಿ ನೆಲೆಸಿರುವ ನಮ್ಮವರಾದ ದಂಪತಿಗಳು ಪುತ್ತೂರಿನ ನನ್ನ ಮನೆಗೆ ಬಂದಿದ್ದರು. ಗೃಹಸ್ಥರು ಸರಕಾರಿ ಸೇವೆಯಿಂದ ನಿವೃತ್ತರು. ಮೂಲ ಊರು ಹಾವೇರಿಯ ಕಡೆ. ಉದ್ಯೋಗದ ನಿಮಿತ್ತ ಈ ಸೀಮೆಗೆ ಬಂದು ಇಲ್ಲಿಯೇ ಮನೆ ಕಟ್ಟಿಕೊಂಡವರು. ಮಗಳು ಲಂಡನ್ನಿನಲ್ಲಿದ್ದಾಳೆ, ಚೊಚ್ಚಲ ಗರ್ಭಿಣಿ. ಬಾಣಂತನಕ್ಕೆಂದು ಹೊರಟವರು ಹೇಳಿ ಹೋಗಲು ಬಂದಿದ್ದರು. ವಿಭೂತಿ ಕೊಟ್ಟು ಹರಸಿದೆ. ಏಳುವ ಮುನ್ನ ಆ ತಾಯಿ ಸಂಕೋಚದಿಂದ ಒಂದು ಪ್ರಶ್ನೆ ಕೇಳಿದರು.

“ಅಯ್ಯಾರ, ನಾವು ಕೊರಳಾಗ ಲಿಂಗ ಕಟ್ಟಿಕೊಂಡವರು. ಅಳಿಯಂದಿರು ಚರ್ಚು, ಕೋಟಿ, ಮ್ಯೂಜಿಯಮ್ಮು ಎಲ್ಲಾ ತೋರಸ್ತೀನಿ ಅಂತಾರ. ಒಳಗ ಹೋಗಬಹುದೋ, ಹೋಗಬಾರದೋ?”

ಪತಿ ನಡುವೆಯೇ ಬಾಯಿ ಹಾಕಿದರು: “ಹೋಗಾಕ ಏನು ಅಡ್ಡಿಲ್ಲ ಬಿಡ್ರಿ. ಆದರ ಹಳೇ ಗ್ವಾಡಿ ನೋಡಾಕ ಅಷ್ಟು ರೊಕ್ಕ ಯಾಕ ಕೊಡಬೇಕು ಅಂತೀನಿ. ನಮ್ಮೂರಾಗ ಹಳೇ ಗ್ವಾಡಿ ಇಲ್ಲೇನು?”

ಎರಡು ಪ್ರಶ್ನೆಗಳೂ ಸಣ್ಣವಲ್ಲ. ನಮ್ಮ ಮನೆಗಳಿಂದ ಇಂದು ಎಷ್ಟೋ ಜನ ತಂದೆತಾಯಿಗಳು ಮಕ್ಕಳನ್ನು ಕಾಣಲು ಯುರೋಪಿಗೆ ಹೋಗುತ್ತಿದ್ದಾರೆ. ಆದಕಾರಣ ಈ ಸಲದ ಅಂಕಣವನ್ನು ಆ ದಂಪತಿಗಳಿಗೆ ಕೊಟ್ಟ ಉತ್ತರಕ್ಕೇ ಮೀಸಲಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಶಿಷ್ಯರೊಬ್ಬರ ಆಹ್ವಾನದ ಮೇಲೆ ಆ ದೇಶವನ್ನು ಒಂದು ತಿಂಗಳ ಕಾಲ ಕಂಡುಬಂದ ಅನುಭವ ನನಗಿದೆ.

ಮೊದಲು ತಾಯಿಯವರ ಪ್ರಶ್ನೆ. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವನಿಗೆ ಪರಧರ್ಮದ ಮಂದಿರವನ್ನು ಗೌರವದಿಂದ ನೋಡಿಬರುವುದರಿಂದ ಯಾವ ದೋಷವೂ ಇಲ್ಲ. ನಿಷ್ಠೆ ಎಂಬುದು ಹೊಸ್ತಿಲು ದಾಟಿದೊಡನೆ ಉದುರಿಹೋಗುವ ಬಣ್ಣವಲ್ಲ. ಆದರೆ ಅತಿಥಿಯ ಮರ್ಯಾದೆ ಎಂಬುದೊಂದಿದೆ. ಅಲ್ಲಿಯ ಚರ್ಚುಗಳಲ್ಲಿ ಪಾದರಕ್ಷೆ ಕಳಚುವ ರೂಢಿಯಿಲ್ಲ. ಗಂಡಸರು ತಲೆಯ ಟೋಪಿಯನ್ನು ತೆಗೆಯುತ್ತಾರೆ. ಪ್ರಾರ್ಥನೆ ನಡೆಯುತ್ತಿರುವಾಗ ತಿರುಗಾಡಿ ನೋಡಬಾರದು. ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿರಬಹುದು. ಪ್ರಾರ್ಥನೆಯ ಕೊನೆಗೆ ಕೊಡುವ ರೊಟ್ಟಿ ಮತ್ತು ದ್ರಾಕ್ಷಾರಸ ಆ ಧರ್ಮದ ದೀಕ್ಷೆ ಪಡೆದವರಿಗಾಗಿ ಇರುವುದು. ನಮ್ಮಲ್ಲಿಯ ಪ್ರಸಾದದಂತೆ ಕೈಯೊಡ್ಡಲು ಹೋಗಬಾರದು. ಕುಳಿತಲ್ಲಿಯೇ ಕುಳಿತರೆ ಯಾರೂ ತಪ್ಪು ತಿಳಿಯರು. ವೆಸ್ಟ್‌ಮಿನ್‌ಸ್ಟರ್ ಅಬೆಯಂತಹ ದೊಡ್ಡ ಮಂದಿರಗಳಲ್ಲಿ ನೋಡಲು ಬಂದವರಿಗೆ ಶುಲ್ಕವುಂಟು, ಪ್ರಾರ್ಥನೆಗೆ ಬಂದವರಿಗೆ ಇಲ್ಲ. ಬ್ರಿಟಿಷ್ ಮ್ಯೂಸಿಯಂನಂತಹ ಸಂಗ್ರಹಾಲಯದ ಪ್ರವೇಶ ಎಲ್ಲರಿಗೂ ಉಚಿತ. ಕೋಟೆಗಳಲ್ಲಿ ಮೆಟ್ಟಿಲುಗಳು ಸವೆದು ಜಾರುತ್ತವೆ, ಮೊಣಕಾಲಿನ ತೊಂದರೆಯಿರುವವರು ಎಚ್ಚರದಿಂದಿರಬೇಕು.

ಇನ್ನೊಂದು ಮಾತು. ಅಲ್ಲಿ ಬಾಗಿಲಲ್ಲಿ ತಪಾಸಣೆ ನಡೆಯುತ್ತದೆ. ಒಂದು ಕೋಟೆಯ ದ್ವಾರದಲ್ಲಿ ನನ್ನ ಬೆಳ್ಳಿಯ ಕರಡಿಗೆಯನ್ನು ಕಂಡು ಕಾವಲುಗಾರನು ಅದೇನೆಂದು ಕೇಳಿದ. ಶಿವದಾರವನ್ನು ಕಳಚಲು ಹೇಳುವನೆಂದು ಭಾವಿಸಿ ನಾನು ತುಸು ಏರುದನಿಯಲ್ಲಿಯೇ ಉತ್ತರಿಸಿದೆ. ಶಿಷ್ಯನು ಇದು ಇವರು ನಿತ್ಯವೂ ಪೂಜಿಸುವ ದೇವರು ಎಂದು ಇಂಗ್ಲಿಷಿನಲ್ಲಿ ತಿಳಿಸಿದೊಡನೆ ಆತ ಎರಡು ಹೆಜ್ಜೆ ಹಿಂದೆ ಸರಿದು, ಮುಟ್ಟದೆಯೇ ದಾರಿ ಬಿಟ್ಟ. ನನ್ನ ದನಿಗಾಗಿ ನಾನು ನಾಚಿಕೊಂಡೆ. ಆದುದರಿಂದ ಕೇಳಿದರೆ ಶಾಂತವಾಗಿ ಹೇಳಿರಿ. ತನ್ನ ದೇವರನ್ನು ಕುರಿತು ಹೇಳುವಾಗ ಸಿಟ್ಟಾಗುವ ಅಗತ್ಯ ಯಾರಿಗೂ ಇಲ್ಲ.

ಇನ್ನು ಯಜಮಾನರ ಪ್ರಶ್ನೆ: ಹಳೆಯ ಗೋಡೆಗಳನ್ನು ಏಕೆ ನೋಡಬೇಕು? ಇದಕ್ಕೆ ಉತ್ತರ ಮಾತಿನಿಂದ ಸಿಗುವಂಥದಲ್ಲವೆನಿಸಿತು. “ನಿಮ್ಮ ಪ್ರಯಾಣಕ್ಕೆ ಇನ್ನೂ ಹತ್ತು ದಿನಗಳಿವೆಯಲ್ಲ. ಒಂದು ದಿನ ನನಗೆ ಕೊಡಿ, ಬೆಳ್ಳಾರೆಯ ಮಾರ್ಗವಾಗಿ ಮಡಿಕೇರಿಗೆ ಹೋಗಿಬರೋಣ. ಆಮೇಲೆ ಲಂಡನ್ನಿಗೆ ಹೋಗುವಿರಂತೆ” ಎಂದೆ. ಒಪ್ಪಿದರು.

ಹೊರಡುವ ಮೊದಲು ಪುತ್ತೂರಿನಲ್ಲಿಯೇ ಶಿವರಾಮ ಕಾರಂತರ ಬಾಲವನವನ್ನು ತೋರಿಸಿದೆ. ಕಾರಂತರು ದಶಕಗಳ ಕಾಲ ಬಾಳಿ ಬರೆದ ಮನೆ ಅಲ್ಲಿದೆ. ಯುರೋಪನ್ನು ಸುತ್ತಿಬಂದು ‘ಅಪೂರ್ವ ಪಶ್ಚಿಮ’ವೆಂಬ ಪ್ರವಾಸಗ್ರಂಥವನ್ನು ಕನ್ನಡಕ್ಕೆ ಕೊಟ್ಟವರು ಅವರು. ಲೇಖಕನೊಬ್ಬನ ಮನೆಯನ್ನು ಕಾಯ್ದಿಟ್ಟು ಮುಂದಿನವರಿಗೆ ತೋರಿಸುವ ಪದ್ಧತಿ ಬಿಲಾತಿಯಲ್ಲಿ ಊರೂರಿಗೂ ಇದೆ. ನಮ್ಮಲ್ಲಿ ಅದು ವಿರಳ. ಆ ವಿರಳವಾದುದೊಂದು ನಮ್ಮ ನೆರೆಯಲ್ಲಿಯೇ ಇದ್ದರೂ ಈ ದಂಪತಿಗಳು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಒಳಹೊಕ್ಕಿರಲಿಲ್ಲ.

ಬೆಳ್ಳಾರೆಗೆ ಬಂದು ಬಂಗ್ಲೆಗುಡ್ಡೆಯನ್ನು ಹತ್ತಿದೆವು. ನೋಡುವವರ ಕಣ್ಣಿಗೆ ಅಲ್ಲಿ ಒಂದು ಹಳೆಯ ಕಟ್ಟಡ, ಅಷ್ಟೇ. ಯಜಮಾನರು “ಇದೇನ್ರಿ?” ಎಂದರು. ನಾನು ಹೇಳತೊಡಗಿದೆ.

ಅಮರ ಸುಳ್ಯ, ಪಂಜ, ಬೆಳ್ಳಾರೆ ಮಾಗಣೆಗಳು 1834ರವರೆಗೆ ಕೊಡಗಿನ ಹಾಲೇರಿ ಅರಸರ ಆಳ್ವಿಕೆಯಲ್ಲಿದ್ದುವು. ಆ ಅರಸರು ವೀರಶೈವ ಮತಾನುಯಾಯಿಗಳು, ಲಿಂಗಧಾರಿಗಳು. ಈ ಕರಾವಳಿಯ ಸೆರಗಿನಲ್ಲಿ ನಮ್ಮ ಸಮಾಜದ ಮನೆಗಳು ಬೆರಳೆಣಿಕೆಯಷ್ಟಾದರೂ, ಇಲ್ಲಿಯ ಚರಿತ್ರೆಗೂ ನಮಗೂ ಇರುವ ನಂಟು ಇಂತಹುದು. 1834ರ ಏಪ್ರಿಲಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸರಕಾರವು ಕಡೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಘಟ್ಟದ ಕೆಳಗಿನ ಈ ಮಾಗಣೆಗಳನ್ನು ಕೊಡಗಿನಿಂದ ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಸಲ್ಲಿಸುತ್ತಿದ್ದರು. ಕಂಪೆನಿಯು ನಗದು ಹಣವನ್ನೇ ಕೇಳಿತು. ಬತ್ತವಿದ್ದರೂ ರೊಕ್ಕವಿಲ್ಲದ ಬೇಸಾಯಗಾರನು ಸಾಹುಕಾರನ ಬಾಗಿಲಿಗೆ ಹೋಗಬೇಕಾಯಿತು. ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರವೂ ಸರಕಾರದ ಹಿಡಿತದಲ್ಲಿತ್ತು. ಅಸಮಾಧಾನವು ಹೊಗೆಯಾಡಿ ಕಡೆಗೆ ಹೊತ್ತಿಕೊಂಡಿತು.

ಕಲ್ಯಾಣಸ್ವಾಮಿ ಎಂಬ ಹೆಸರನ್ನು ಮುಂದಿಟ್ಟುಕೊಂಡು, ಹಾಲೇರಿ ಮನೆತನದ ಆಳ್ವಿಕೆಯನ್ನು ಮರಳಿ ತರುವೆವೆಂದು, ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರು ರೈತರನ್ನು ಸಂಘಟಿಸಿದರು. 1837ರ ಮಾರ್ಚ್ 30ರಂದು ಬೆಳ್ಳಾರೆಯಲ್ಲಿದ್ದ ಕಂಪೆನಿಯ ಖಜಾನೆ ಅವರ ವಶವಾಯಿತು. ಅಲ್ಲಿಂದ ದಂಡು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳನ್ನು ಹಾದು ಏಪ್ರಿಲ್ 5ರಂದು ಮಂಗಳೂರನ್ನು ಮುಟ್ಟಿತು. ಇಂದು ಬಾವುಟಗುಡ್ಡೆ ಎನಿಸಿಕೊಂಡಿರುವ ಗುಡ್ಡದ ಮೇಲೆ ಧ್ವಜವನ್ನು ಏರಿಸಿತು. ಹದಿಮೂರು ದಿನಗಳ ಕಾಲ ಮಂಗಳೂರು ಕಂಪೆನಿಯ ಕೈಯಲ್ಲಿರಲಿಲ್ಲ. ತಲಚೇರಿ, ಕಣ್ಣಾನೂರುಗಳಿಂದ ಸೈನ್ಯ ಬಂದ ಬಳಿಕ ದಂಗೆಯು ಅಡಗಿತು. ಮುಂದಾಳುಗಳಲ್ಲಿ ಕೆಲವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ನೇಣಿಗೆ ಹಾಕಿದರು. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಪ್ರತಿಮೆಯೊಂದನ್ನು ನಿಲ್ಲಿಸಲಾಯಿತು. ಅದೇ ಗುಡ್ಡದ ಮೇಲೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇದೆ. ಇಟಲಿಯ ಆಂಟೋನಿಯೋ ಮೊಸ್ಕೇನಿ ಎಂಬ ಕಲಾವಿದನು 1899ರಿಂದ 1901ರ ಅವಧಿಯಲ್ಲಿ ಅದರ ಗೋಡೆ, ಮಾಳಿಗೆಗಳನ್ನೆಲ್ಲ ಚಿತ್ರಗಳಿಂದ ತುಂಬಿದ. ಇಟಲಿಗೆ ಹೋಗಲಾರದವರು ಮಂಗಳೂರಿನ ಬಸ್ಸು ಹತ್ತಿದರೂ ಅಲ್ಲಿಯ ಚಿತ್ರಕಲೆಯ ಒಂದು ಮಾದರಿಯನ್ನು ಕಾಣಬಹುದು.

ಯಜಮಾನರು ಆ ಗೋಡೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. “ಗ್ವಾಡಿ ಅಂದಿದ್ದೆ” ಎಂದಷ್ಟೇ ಹೇಳಿದರು.

ಸುಳ್ಯವನ್ನು ಹಾದು ಸಂಪಾಜೆಯ ಘಟ್ಟವನ್ನೇರಿ ಮಧ್ಯಾಹ್ನಕ್ಕೆ ಮಡಿಕೇರಿ ಸೇರಿದೆವು. ಯುರೋಪಿನಲ್ಲಿ ಜನ ಕೋಟೆಯೊಂದು ಕಡೆ, ಚರ್ಚೊಂದು ಕಡೆ, ಸಂಗ್ರಹಾಲಯವೊಂದು ಕಡೆ ಎಂದು ಅಲೆಯುತ್ತಾರೆ. ಮಡಿಕೇರಿಯಲ್ಲಿ ಈ ಮೂರೂ ಒಂದೇ ಅಂಗಳದಲ್ಲಿವೆ. ಮುದ್ದುರಾಜನ ಕಾಲದಲ್ಲಿ ಮಣ್ಣಿನ ಕೋಟೆಯಾಗಿದ್ದುದನ್ನು ಟಿಪ್ಪುಸುಲ್ತಾನನು ಕಲ್ಲಿನಲ್ಲಿ ಕಟ್ಟಿಸಿದ. ಲಿಂಗರಾಜೇಂದ್ರನು ಒಳಗಿನ ಅರಮನೆಯನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಹೊಸದಾಗಿ ಕಟ್ಟಿಸಿದ. ಕೋಟೆಯೊಳಗೆ ವೀರಭದ್ರ ದೇವಾಲಯವಿತ್ತು. ಆಂಗ್ಲರು 1855ರಲ್ಲಿ ಅದನ್ನು ತೆಗೆಸಿ ಆ ಸ್ಥಳದಲ್ಲಿ ಸಂತ ಮಾರ್ಕರ ಚರ್ಚನ್ನು ಕಟ್ಟಿದರು. ಆಂಗ್ಲರು ಹೋದ ಮೇಲೆ ಆ ಚರ್ಚು ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಾಯಿತು. ಈಗ ಅದರೊಳಗೆ ವೀರಗಲ್ಲುಗಳೂ ಶಿಲಾಮೂರ್ತಿಗಳೂ ಆಯುಧಗಳೂ ಇವೆ. ಒಂದೇ ನೆಲದ ಮೇಲೆ ದೇವಾಲಯ, ಇಗರ್ಜಿ, ಸಂಗ್ರಹಾಲಯಗಳು ಒಂದರ ಬೆನ್ನಿಗೆ ಒಂದಾಗಿ ಬಂದುವು. ಗೆದ್ದವನು ಸೋತವನ ನೆಲದ ಮೇಲೆ ತನ್ನ ದೇವರನ್ನು ನಿಲ್ಲಿಸುವುದು ಯುರೋಪಿನಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು. ಸಂಗ್ರಹಾಲಯದ ಹಿರಿಮೆಯೆಂದರೆ ಅದು ಗೆದ್ದವನನ್ನೂ ಸೋತವನನ್ನೂ ಒಂದೇ ಸೂರಿನಡಿ ಕುಳ್ಳಿರಿಸುತ್ತದೆ.

ಊರ ಹೊರಗಿನ ಗದ್ದಿಗೆಗೂ ಹೋದೆವು. ದೊಡ್ಡವೀರರಾಜೇಂದ್ರನೂ ಲಿಂಗರಾಜೇಂದ್ರನೂ ಅಲ್ಲಿ ಸಮಾಧಿಸ್ಥರಾಗಿದ್ದಾರೆ. ಆ ತಾಯಿ ಗದ್ದಿಗೆಗೆ ಹಣೆಯಿಟ್ಟು ಎದ್ದು, “ಕಡೀ ಅರಸನ ಗದ್ದಿಗಿ ಎಲ್ಲೈತ್ರಿ?” ಎಂದು ಕೇಳಿದರು. ನಾನು ಇಡೀ ದಿನ ಕಾದಿದ್ದ ಪ್ರಶ್ನೆಯೇ ಅದು.

ಚಿಕ್ಕವೀರರಾಜೇಂದ್ರನ ಬಾಳನ್ನು ಮಾಸ್ತಿಯವರ ಕಾದಂಬರಿಯಿಂದ ನಮ್ಮವರು ಬಲ್ಲರು. ಅವನನ್ನು ಹೊಗಳಲು ನನಗೆ ಮನಸ್ಸಿಲ್ಲ. ಅವನ ಕ್ರೌರ್ಯದ ಸಂಗತಿಗಳು ಪ್ರಸಿದ್ಧವಾಗಿವೆ. ರಾಜ್ಯ ಕಳೆದುಕೊಂಡ ಆತ ಕಾಶಿಯಲ್ಲಿ ಕಂಪೆನಿಯ ವಿಶ್ರಾಂತಿವೇತನದ ಮೇಲೆ ಬದುಕುತ್ತಿದ್ದ. ಅಲ್ಲಿಯೇ 1841ರಲ್ಲಿ ಗೌರಮ್ಮನೆಂಬ ಮಗಳು ಹುಟ್ಟಿದಳು. ಕಂಪೆನಿ ತಡೆಹಿಡಿದಿದ್ದ ತನ್ನ ಹಣವನ್ನು ಪಡೆಯಲು ಲಂಡನ್ನಿನಲ್ಲಿ ವ್ಯಾಜ್ಯ ಹೂಡುವ ಉದ್ದೇಶದಿಂದ 1852ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋದ. ಮಗಳು ರಾಣಿಯ ಆಶ್ರಯದಲ್ಲಿ ಕ್ರೈಸ್ತಳಾಗಿ ಬೆಳೆಯಲೆಂಬುದು ತಂದೆಯದೇ ಇಚ್ಛೆ. ಅದೇ ವರ್ಷ ಹುಡುಗಿಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಗೌರಮ್ಮ ವಿಕ್ಟೋರಿಯಾ ಗೌರಮ್ಮಳಾದಳು. ತಂದೆಯಿಂದ ಅವಳನ್ನು ಬೇರೆಯಾಗಿರಿಸಿ ಆಂಗ್ಲ ಪಾಲಕರ ಮನೆಗಳಲ್ಲಿ ಬೆಳೆಸಿದರು. ಪಂಜಾಬಿನ ಪದಚ್ಯುತ ಅರಸು ದುಲೀಪಸಿಂಗನೊಡನೆ ಮದುವೆಯಾಗಲೆಂಬ ರಾಣಿಯ ಆಶೆ ಕೈಗೂಡಲಿಲ್ಲ. 1859ರಲ್ಲಿ ತಂದೆ ಲಂಡನ್ನಿನಲ್ಲಿಯೇ ತೀರಿಕೊಂಡ. ಕೆನ್ಸಲ್ ಗ್ರೀನ್ ಎಂಬ ಸ್ಮಶಾನದಲ್ಲಿ ಅವನನ್ನು ಹೂಳಿದರು. 1860ರಲ್ಲಿ ಗೌರಮ್ಮ ಕ್ಯಾಂಬೆಲ್ ಎಂಬ ಸೈನ್ಯಾಧಿಕಾರಿಯನ್ನು ವರಿಸಿದಳು. ಒಂದು ಹೆಣ್ಣುಮಗುವಾಯಿತು. 1864ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ, ಮರಣ ಹೊಂದಿದಳು. ಅವಳ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ಇಂಗ್ಲೆಂಡಿನ ದಕ್ಷಿಣದಲ್ಲಿ ಐಲ್ ಆಫ್ ವೈಟ್ ಎಂಬ ದ್ವೀಪವಿದೆ. ಅಲ್ಲಿ ಆಸ್ಬರ್ನ್ ಹೌಸ್ ಎಂಬ ರಾಣಿಯ ಬೇಸಿಗೆಯ ಅರಮನೆ ಇಂದು ಸಾರ್ವಜನಿಕರಿಗೆ ತೆರೆದಿದೆ. ಅದರ ದರ್ಬಾರು ಕೋಣೆಯ ಕುಸುರಿಯನ್ನು ರೂಪಿಸಿದವನು ಲಾಹೋರಿನ ಭಾಯಿ ರಾಮಸಿಂಗನೆಂಬ ನಮ್ಮ ದೇಶದ ಶಿಲ್ಪಿ. ಅದೇ ಅರಮನೆಯಲ್ಲಿ ವಿಂಟರ್‌ಹಾಲ್ಟರ್ ಎಂಬ ಚಿತ್ರಕಾರನು 1852ರಲ್ಲಿ ಬರೆದ ಗೌರಮ್ಮನ ವರ್ಣಚಿತ್ರವಿದೆ. ಮಾರೊಚೆಟ್ಟಿ ಕಡೆದ ಅಮೃತಶಿಲೆಯ ಅರ್ಧಪ್ರತಿಮೆಯೂ ಇದೆ. ನಾನು ಅದರ ಮುಂದೆ ನಿಂತಾಗ ಸುತ್ತಮುತ್ತಲಿದ್ದ ಪ್ರವಾಸಿಗಳಿಗೆ ಅದು ರಾಣಿಯ ಅನೇಕ ಚಿತ್ರಗಳಲ್ಲಿ ಒಂದು. ಹಾಲೇರಿಯ ಹೆಸರಿನಲ್ಲಿ ಬೆಳ್ಳಾರೆಯ ರೈತರು ನೇಣಿಗೆ ಕೊರಳೊಡ್ಡಿದುದು 1837ರಲ್ಲಿ. ಅದೇ ಹಾಲೇರಿಯ ಹೆಣ್ಣುಮಗು ಹದಿನೈದೇ ವರ್ಷಗಳಲ್ಲಿ ಆ ದೊರೆಸಾನಿಯ ಮನೆಯಲ್ಲಿ ಚಿತ್ರವಾಗಿ ನಿಂತಿತು. ಈ ಎರಡನ್ನೂ ಕೂಡಿಸಿ ನೋಡಬಲ್ಲವನು ಆ ಹೊತ್ತಿನಲ್ಲಿ ಪುತ್ತೂರಿನಿಂದ ಹೋದ ನಾನೊಬ್ಬನೇ ಇದ್ದೆನೇನೋ.

ಕಥೆ ಮುಗಿದಾಗ ಆ ತಾಯಿ ಸೆರಗಿನಿಂದ ಕಣ್ಣೊರಸಿಕೊಂಡು, “ಹನ್ನೊಂದು ವರ್ಷದ ಕೂಸನ್ನ ‘ನಿನಗೇನು ಬೇಕವ್ವಾ’ ಅಂತ ಯಾರೂ ಕೇಳಲಿಲ್ಲೇನ್ರಿ ಅಯ್ಯಾರ?” ಎಂದರು. ಕೇಳಲು ಬಂದ ಮಾತಿಗಿಂತ ಇದು ದೊಡ್ಡ ಮಾತು. ಧರ್ಮ ಯಾವುದೆಂಬುದು ಅನಂತರದ ಪ್ರಶ್ನೆ. ಅರಸನಿಗೆ ಹಣ ಬೇಕಿತ್ತು; ರಾಣಿಗೆ ಅಕ್ಕರೆಯ ಜೊತೆಗೆ ಕೀರ್ತಿಯೂ ಬೇಕಿತ್ತು; ಮಗು ನಡುವೆ ನಿಂತಿತ್ತು. ಮಕ್ಕಳನ್ನು ನಮ್ಮ ಹಂಬಲಗಳಿಗೆ ಮೆಟ್ಟಿಲಾಗಿಸಿಕೊಳ್ಳುವುದು ಅರಸರ ಮನೆಯಲ್ಲಿ ಮಾತ್ರ ನಡೆಯುವುದೆಂದು ನಾವು ತಿಳಿಯಬಾರದು.

ಈಗ ನನ್ನ ಒಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಸಬೇಕಾಗಿದೆ. ಬಂದ ದಾರಿಯಲ್ಲಿ ಆ ದಂಪತಿಗಳಿಗೆ ಹೇಳಿದೆ, ಇಲ್ಲಿಯವರೆಗೆ ಬರೆದಿರಲಿಲ್ಲ.

ಸುಮಾರು ಐವತ್ತು ವರ್ಷಗಳ ಹಿಂದೆ ನಾನು ಮಠವೊಂದರಲ್ಲಿ ವಟುವಾಗಿದ್ದೆ. ಮಠದ ಅಟ್ಟದ ಮೇಲೆ ಓಲೆಗರಿಯ ಕಟ್ಟುಗಳು ರಾಶಿಯಾಗಿ ಬಿದ್ದಿದ್ದುವು. ಗೆದ್ದಲು ಹತ್ತಿದ್ದುವು, ಓದುವವರಿರಲಿಲ್ಲ. ಅಟ್ಟವನ್ನು ಸ್ವಚ್ಛಗೊಳಿಸುವಾಗ ಹಿರಿಯರೊಬ್ಬರು ಅವನ್ನು ಹೊಳೆಗೆ ಬಿಟ್ಟುಬರಲು ಅಪ್ಪಣೆ ಮಾಡಿದರು. ಪೂಜ್ಯ ವಸ್ತುವನ್ನು ಕಸದೊಡನೆ ಎಸೆಯಬಾರದೆಂಬುದು ಅವರ ಭಾವ, ದುರುದ್ದೇಶವಲ್ಲ. ನಾವು ಮೂವರು ಹುಡುಗರು ಬುಟ್ಟಿಗಳಲ್ಲಿ ಹೊತ್ತೊಯ್ದು ನೀರಿಗೆ ಬಿಟ್ಟೆವು. ಗರಿಗಳು ಬಿಡಿಬಿಡಿಯಾಗಿ ತೇಲಿಹೋಗುವುದನ್ನು ನೋಡಿ ನಗುತ್ತ ನಿಂತಿದ್ದೆವು. ಅದರಲ್ಲಿ ಏನಿತ್ತೆಂದು ಇಂದಿಗೂ ಯಾರೂ ಹೇಳಲಾರರು. ಫ. ಗು. ಹಳಕಟ್ಟಿಯವರು ಊರೂರು ಅಲೆದು, ಇಂತಹ ಅಟ್ಟಗಳಿಂದಲೇ ಓಲೆಗಳನ್ನು ಇಳಿಸಿ, ವಚನಗಳನ್ನು ಅಚ್ಚಿಗೆ ತಂದ ಮಹಾಕಾರ್ಯದ ಕಥೆಯನ್ನು ನಾನು ಓದಿದುದು ಆಮೇಲೆ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಯು ಮಂಗಳೂರಿನಲ್ಲಿ ಕಲ್ಲಚ್ಚಿನ ಮೂಲಕ ಬಸವಪುರಾಣ, ಚೆನ್ನಬಸವಪುರಾಣಗಳನ್ನು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ಮುದ್ರಿಸಿದ್ದನು. ಹಾಲೇರಿ ಅರಸರ ಚರಿತ್ರೆಯಾದ ರಾಜೇಂದ್ರನಾಮೆಯನ್ನೂ 1857ರಲ್ಲಿ ಅಚ್ಚು ಹಾಕಿಸಿದನು. ಪರಧರ್ಮದವನೊಬ್ಬ ನಮ್ಮ ಗ್ರಂಥವನ್ನು ಉಳಿಸಿದನು. ಮಠದ ಅನ್ನವುಂಡ ನಾನು ಹೊಳೆಗೆ ಬಿಟ್ಟೆನು.

ಲಂಡನ್ನಿನ ಸಂಗ್ರಹಾಲಯವೊಂದರಲ್ಲಿ ಗಾಜಿನ ಹಿಂದೆ, ಮಂದಬೆಳಕಿನಲ್ಲಿ, ಗರಿ ಒಣಗದಂತೆ ತೇವವನ್ನು ಅಳೆದು ಇರಿಸಿದ್ದ ಒಂದು ಓಲೆಯ ಕಟ್ಟನ್ನು ಕಂಡಾಗ ನನಗೆ ಆ ಹೊಳೆ ನೆನಪಾಯಿತು. ‘ನಮ್ಮದನ್ನು ಒಯ್ದಿದ್ದಾರೆ’ ಎಂಬ ಸಿಟ್ಟು ಮೊದಲು ಬಂತು. ಅದು ನ್ಯಾಯವಾದ ಸಿಟ್ಟೇ. ಯುದ್ಧದಿಂದಲೂ ಅಧಿಕಾರದಿಂದಲೂ ಒಯ್ದ ವಸ್ತುಗಳು ಅಲ್ಲಿ ಬಹಳ ಇವೆ, ಮರಳಿ ಕೇಳುವ ಹಕ್ಕು ನಮಗಿದೆ. ಆದರೆ ಕೇಳುವ ಬಾಯಿಗೆ ಕಾಯುವ ಕೈಯೂ ಇರಬೇಕು.

ಸ್ಥಾವರವು ಅಳಿಯುವುದೆಂದು ಕಲಿತ ಪರಂಪರೆ ನಮ್ಮದು. ಕಟ್ಟಡದ ಹಂಗಿಲ್ಲದ ಭಕ್ತಿ ನಮ್ಮ ಹೆಮ್ಮೆ. ಆದರೆ ಈ ಮಾತನ್ನು ಅಲಕ್ಷ್ಯಕ್ಕೆ ಹೊದಿಕೆಯಾಗಿ ಬಳಸುವುದನ್ನು ನಾನು ಅನೇಕ ಕಡೆ ಕಂಡಿದ್ದೇನೆ. ತೇಗದ ಕಂಬಗಳ ಹಳೆಯ ಪಡಸಾಲೆಯನ್ನು ಕೆಡವಿ ಸಿಮೆಂಟಿನ ಕಲ್ಯಾಣಮಂಟಪ ಕಟ್ಟುವವರು ಇದನ್ನೇ ಹೇಳುತ್ತಾರೆ. ಶರಣರು ನಿರಾಕರಿಸಿದುದು ಕಟ್ಟಿದವನ ಅಹಂಕಾರವನ್ನು, ಮುಂದಿನವರ ನೆನಪನ್ನಲ್ಲ. ಅವರ ಮಾತು ನಮಗೆ ಮುಟ್ಟಿದುದೇ ಯಾರೋ ಒಬ್ಬರು ಓಲೆಯನ್ನು ಬಟ್ಟೆಯಲ್ಲಿ ಸುತ್ತಿ, ಮಳೆಯಲ್ಲಿ ನೆನೆಯದಂತೆ ಕಾಯ್ದುದರಿಂದ.

ಆದುದರಿಂದ ಯುರೋಪಿಗೆ ಹೋಗುವ ತಂದೆತಾಯಿಗಳಿಗೆ ನನ್ನ ವಿನಂತಿ ಇಷ್ಟೇ. ಚರ್ಚನ್ನೂ ಕೋಟೆಯನ್ನೂ ಸಂಗ್ರಹಾಲಯವನ್ನೂ ಅಗತ್ಯವಾಗಿ ನೋಡಿರಿ. ಲಂಡನ್ನಿಗೆ ಹೋದರೆ ಥೇಮ್ಸ್ ನದಿಯ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಗೂ ಶರಣು ಹೇಳಿಬನ್ನಿರಿ. ಕಟ್ಟಡದ ಎತ್ತರಕ್ಕಿಂತ ಅದನ್ನು ಕಾಯುವ ಬಗೆಯನ್ನು ಹೆಚ್ಚಾಗಿ ಗಮನಿಸಿರಿ. ಹೊರಡುವ ಮೊದಲು ನಿಮ್ಮ ಊರಿನಲ್ಲಿರುವುದೊಂದನ್ನು ನೋಡಿಕೊಂಡು ಹೋಗಿರಿ. ಪುತ್ತೂರು, ಸುಳ್ಯಗಳವರಿಗೆ ಬೆಳ್ಳಾರೆ ಇದೆ. ಈಚೆಗೆ ತಾಲ್ಲೂಕಾದ ಕಡಬದವರಿಗೆ ಕುಕ್ಕೆಯ ಕ್ಷೇತ್ರವೂ ಇದೆ, ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಬಂಧುಗಳ ಇಗರ್ಜಿಗಳೂ ಇವೆ. ನೆರೆಯವರ ಇಗರ್ಜಿಯ ಮೆಟ್ಟಿಲನ್ನು ತುಳಿಯದವನು ಲಂಡನ್ನಿನ ಇಗರ್ಜಿಗೆ ಟಿಕೇಟು ಕೊಳ್ಳುವುದು ವಿಚಿತ್ರವಲ್ಲವೆ? ಮನೆಗೆ ಮರಳಿದ ಬಳಿಕ ಅಟ್ಟವನ್ನೊಮ್ಮೆ ಹತ್ತಿ ನೋಡಿರಿ. ಓಲೆಯೋ ದಾನಪತ್ರವೋ ಅಜ್ಜನ ಕೈಬರಹದ ಪುಸ್ತಕವೋ ಸಿಕ್ಕರೆ, ಓದಲು ಬಾರದಿದ್ದರೂ ಬಿಸಾಡಬೇಡಿರಿ. ಬಲ್ಲವರಿಗೆ ತೋರಿಸಿರಿ.

ಆ ದಂಪತಿಗಳು ಲಂಡನ್ನು ತಲಪಿದ್ದಾರೆ. ಮೊನ್ನೆ ಯಜಮಾನರು ದೂರವಾಣಿಯಲ್ಲಿ ಮಾತಾಡಿದರು. ಹೆಣ್ಣುಮಗು ಹುಟ್ಟಿದೆ, ತಾಯಿಮಗು ಕ್ಷೇಮ. ಬಾಣಂತನ ಮುಗಿದ ಮೇಲೆ ಆ ದ್ವೀಪದ ಅರಮನೆಗೆ ಹೋಗುವುದೆಂದು ನಿಶ್ಚಯಿಸಿದ್ದಾರಂತೆ. “ರೊಕ್ಕ ಎಷ್ಟಾದರೂ ಆಗಲಿ ಅಯ್ಯಾರ, ಆ ಕೂಸಿನ ಮುಂದ ಒಂದು ಗಳಿಗಿ ನಿಂತು ಬರತೀವಿ” ಎಂದರು. ಮೊಮ್ಮಗಳಿಗೆ ಗೌರಿ ಎಂದು ಹೆಸರಿಡುವ ಯೋಚನೆ ಅಜ್ಜಿಯದು. ಮಗಳನ್ನೂ ಅಳಿಯನನ್ನೂ ಕೇಳಿ ಇಡಿರಿ ಎಂದು ಹೇಳಿದ್ದೇನೆ.